ನಿಮಗಿದು ಗೊತ್ತೇ? ಹಬೆಯ ಕಡುಬು, ಎಣ್ಣೆಯ ಕಜ್ಜಾಯ

ಮೈಸೂರಿನ ಅಡುಗೆಮನೆಗಳಲ್ಲಿ ಹಬೆಯ ದಿನಗಳು ಬೇರೆ, ಎಣ್ಣೆಯ ದಿನಗಳು ಬೇರೆ. ನಾಗರಪಂಚಮಿಯಂದು ಎಷ್ಟೋ ಮನೆಗಳಲ್ಲಿ ಒಲೆಯ ಮೇಲೆ ಕಾವಲಿ ಏರುವುದಿಲ್ಲ, ಒಗ್ಗರಣೆ ಬೀಳುವುದಿಲ್ಲ, ಏನನ್ನೂ ಕರಿಯುವುದಿಲ್ಲ. ಹಬೆಯಲ್ಲಿ ಬೆಂದದ್ದು, ಬೇಯಿಸದೆ ಕಲಸಿದ್ದು ಇವೇ ಆ ದಿನದ ನೈವೇದ್ಯ. ದೀಪಾವಳಿ ಬಂತೆಂದರೆ ಬಾಣಲೆ ಒಲೆಯಿಂದ ಇಳಿಯುವುದೇ ಇಲ್ಲ. ನಡುವೆ ಬರುವ ಗಣೇಶನಿಗೆ ಎರಡೂ ಬೇಕು. ಕಾಯಿ ಕಡುಬು ಹಬೆಯಲ್ಲಿ ಬೇಯುತ್ತದೆ, ಕರಿಗಡುಬು ಎಣ್ಣೆಯಲ್ಲಿ ಉಬ್ಬುತ್ತದೆ, ನೈವೇದ್ಯಕ್ಕೆ 21 ಎಣಿಸಿ ಇಡುತ್ತಾರೆ. ಈ ಸಲದ ಅಂಕಣ ಈ ಎರಡು ಬಗೆಯ ತಿಂಡಿಗಳದು. ಮನೆಯ ಹೆಂಗಸರು ಬೆರಳ ತುದಿಯಲ್ಲಿ ಮಾಡುತ್ತಿದ್ದ ಪರೀಕ್ಷೆಗಳಿಗೆ ಇದೇ ಊರಿನ ಪ್ರಯೋಗಾಲಯಗಳು ಕಾರಣ ಹುಡುಕಿಕೊಟ್ಟಿವೆ. ಅದನ್ನು ತಿಳಿದರೆ ಹಬ್ಬದ ದಿನ ಕೈ ನಡುಗುವುದಿಲ್ಲ ಎಂಬುದು ನನ್ನ ನಂಬಿಕೆ.

ಕನ್ನಡದಲ್ಲಿ ಇಡ್ಲಿಯ ಹೆಸರು ಸಾವಿರ ವರ್ಷಕ್ಕೂ ಹಳೆಯದು. ಕ್ರಿ.ಶ. 920ರ ಆಸುಪಾಸಿನದೆಂದು ವಿದ್ವಾಂಸರು ಹೇಳುವ ಶಿವಕೋಟ್ಯಾಚಾರ್ಯನ ‘ವಡ್ಡಾರಾಧನೆ’ಯಲ್ಲಿ ‘ಇಡ್ಡಲಿಗೆ’ ಬರುತ್ತದೆ.

ಆದರೆ ಆ ಕಾಲದ ಇಡ್ಡಲಿಗೆಯಲ್ಲಿ ಅಕ್ಕಿ ಇರಲಿಲ್ಲವೆಂದು ತೋರುತ್ತದೆ. ಕ್ರಿ.ಶ. 1025ರ ಸುಮಾರಿಗೆ ಎರಡನೆಯ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸಿ, ನುಣ್ಣಗೆ ರುಬ್ಬಿ, ಮೊಸರಿನ ತಿಳಿ, ಜೀರಿಗೆ, ಕೊತ್ತಂಬರಿ, ಮೆಣಸು, ಇಂಗು ಬೆರೆಸುವ ಕ್ರಮವಿದೆ. ಓದಿದರೆ ನಮ್ಮ ಉದ್ದಿನ ಕಡುಬೇ ನೆನಪಾಗುತ್ತದೆ. ಅಕ್ಕಿಯ ಜೊತೆ ಉದ್ದಿನ ನಂಟು ಬೆಳೆದದ್ದು ಆಮೇಲೆ.

ಕನ್ನಡದಲ್ಲಿ ಪೂರ್ತಿ ಅಡುಗೆಗೇ ಮೀಸಲಾದ ಹಳೆಯ ಕಾವ್ಯ ಮೈಸೂರಿನ ನೆರೆಯಲ್ಲೇ ಹುಟ್ಟಿತು. ಈಗಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯ ಪ್ರಭುವಾಗಿದ್ದ ಮೂರನೆಯ ಮಂಗರಸ 1508ರ ಹೊತ್ತಿನಲ್ಲಿ ‘ಸೂಪಶಾಸ್ತ್ರ’ ಬರೆದ. ಷಟ್ಪದಿಯಲ್ಲಿ ಅಡುಗೆ ಹೇಳಿಕೊಟ್ಟ ಕವಿ ಅವನು. ಆಳುವವನೊಬ್ಬ ಹಿಟ್ಟು ನಾದುವುದನ್ನೂ ಪಾಕ ನೋಡುವುದನ್ನೂ ಪದ್ಯಕ್ಕೆ ತಕ್ಕ ವಿಷಯವೆಂದು ತಿಳಿದದ್ದು ನನಗೆ ತುಂಬ ಹಿಡಿಸಿದ ಸಂಗತಿ. ನಮ್ಮ ಶಾಲೆಯ ಪಾಠಗಳಲ್ಲಿ ಮಂಗರಸನಿಗೆ ಇನ್ನಷ್ಟು ಜಾಗ ಸಿಗಬೇಕಿತ್ತು.

ಹಬೆಯಲ್ಲಿ ಬೇಯಿಸುವುದು ನಮಗೆ ಹೊರಗಿನಿಂದ ಬಂತೇ? ಕೊಳ್ಳೇಗಾಲದಲ್ಲಿ ಹುಟ್ಟಿದ ಆಹಾರ ಇತಿಹಾಸಕಾರ ಕೆ.ಟಿ. ಅಚ್ಚಯ್ಯನವರು ಹುದುಗು ಬರಿಸಿ ಹಬೆಯಲ್ಲಿ ಬೇಯಿಸುವ ಇಡ್ಲಿಯ ಕ್ರಮ ಇಂಡೋನೇಷ್ಯಾದಿಂದ ಬಂದಿರಬಹುದೆಂದು ಊಹಿಸಿದ್ದರು. 7ನೇ ಶತಮಾನದಲ್ಲಿ ಭಾರತ ಸುತ್ತಿದ ಚೀನೀ ಯಾತ್ರಿಕ ಹ್ಯೂಯೆನ್‌ತ್ಸಾಂಗ್ ಇಲ್ಲಿ ಹಬೆಪಾತ್ರೆ ಇಲ್ಲವೆಂದು ಬರೆದದ್ದನ್ನೂ ಅವರು ಆಧಾರವಾಗಿ ಹಿಡಿದರು. ಅವರ ಪಾಂಡಿತ್ಯದ ಬಗ್ಗೆ ನನಗೆ ಅಪಾರ ಗೌರವ. ಆದರೂ ಈ ಊಹೆಯನ್ನು ಪೂರ್ತಿ ಒಪ್ಪಲು ಮನಸ್ಸು ಬರುವುದಿಲ್ಲ. ಹಬೆಯ ಅಡುಗೆಗೆ ವಿಶೇಷ ಪಾತ್ರೆಯೇ ಬೇಕಿಲ್ಲ. ಮಡಕೆಯಲ್ಲಿ ನೀರು ಕಾಯಿಸಿ, ಬಾಯಿಗೆ ತೆಳು ಬಟ್ಟೆ ಬಿಗಿದು ಕಟ್ಟಿ, ಮೇಲೆ ಇನ್ನೊಂದು ಪಾತ್ರೆ ಕವುಚಿದರೆ ಸಾಕು. ಊರೂರು ತಿರುಗುವ ಯಾತ್ರಿಕನ ಕಣ್ಣಿಗೆ ಅದು ಬರೀ ಮಡಕೆಯಾಗಿಯೇ ಕಂಡಿರಬಹುದು.

ಇಡ್ಲಿಯ ಹಿಟ್ಟು ಏಕೆ ಉಬ್ಬುತ್ತದೆ ಎಂಬುದನ್ನು ಕ್ರಮವಾಗಿ ಅಧ್ಯಯನ ಮಾಡಿದ ಮೊದಲಿಗರಲ್ಲಿ ಮೈಸೂರಿನವರಿದ್ದಾರೆ. ರಾಜಕುಮಾರಿ ಚೆಲುವಾಜಮ್ಮಣ್ಣಿಯವರಿಗಾಗಿ ಕಟ್ಟಿಸಿದ ಚೆಲುವಾಂಬ ಮ್ಯಾನ್ಷನ್‌ನಲ್ಲಿ 1950ರಲ್ಲಿ ಆರಂಭವಾದದ್ದು ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾ ಸಂಸ್ಥೆ, ಊರಿನವರ ಬಾಯಲ್ಲಿ ಸಿಎಫ್‌ಟಿಆರ್‌ಐ. ಅಲ್ಲಿನ ಎಚ್.ಎಸ್.ಆರ್. ದೇಶಿಕಾಚಾರ್ ಮತ್ತು ಸಂಗಡಿಗರು 1960ರಲ್ಲಿ ಇಡ್ಲಿ ಹಿಟ್ಟಿನ ಹುದುಗಿನ ಬಗ್ಗೆ ಸಂಶೋಧನಾ ಲೇಖನ ಪ್ರಕಟಿಸಿದರು. ಸಂಸ್ಥೆಯ ಮೊದಲ ನಿರ್ದೇಶಕ ವಿ. ಸುಬ್ರಹ್ಮಣ್ಯನ್ ಅವರ ಹೆಸರೂ ಅದರಲ್ಲಿದೆ. ಅಮೆರಿಕದ ಕಾರ್ನೆಲ್‌ನಿಂದ ಇಡ್ಲಿಯ ಸೂಕ್ಷ್ಮಜೀವಿಗಳ ಬಗ್ಗೆ ಹೆಸರಾಂತ ಅಧ್ಯಯನ ಬಂದದ್ದು ಅದಾದ ಮೇಲೆ, 1965ರಲ್ಲಿ.

ಉದ್ದೇ ಏಕೆ ಬೇಕು, ಹೆಸರುಬೇಳೆ ಏಕೆ ಆಗದು? ಇದಕ್ಕೆ ಉತ್ತರ ಕೊಟ್ಟವರೂ ಸಿಎಫ್‌ಟಿಆರ್‌ಐನ ವಿಜ್ಞಾನಿಗಳೇ. ಎನ್.ಎಸ್. ಸುಶೀಲಮ್ಮ ಮತ್ತು ಎಂ.ವಿ.ಎಲ್. ರಾವ್ 1970ರ ದಶಕದಲ್ಲಿ ಉದ್ದಿನೊಳಗಿನ ಎರಡು ವಸ್ತುಗಳನ್ನು ಗುರುತಿಸಿದರು. ಒಂದು ನೊರೆ ಎಬ್ಬಿಸುವ ಪ್ರೋಟೀನು. ಇನ್ನೊಂದು ಆ ನೊರೆ ಒಡೆಯದಂತೆ ಕಾಯುವ ಲೋಳೆ. ರುಬ್ಬುವಾಗ ಕೈಗೆ ಹತ್ತುವ ಜಾರುಗುಣ ಇದೇ. ಉದ್ದು ರುಬ್ಬಿದ್ದು ಸಾಕೇ ಎಂದು ತಿಳಿಯಲು ಹಿಂದಿನವರು ಒಂದು ಚಿಟಿಕೆ ಹಿಟ್ಟನ್ನು ನೀರಿನ ಬಟ್ಟಲಿಗೆ ಬಿಡುತ್ತಿದ್ದರು. ತೇಲಿದರೆ ಆಯಿತು, ಮುಳುಗಿದರೆ ಇನ್ನಷ್ಟು ರುಬ್ಬಬೇಕು. ಹಿಟ್ಟಿನಲ್ಲಿ ಗಾಳಿ ಎಷ್ಟು ನಿಂತಿದೆ ಎಂಬುದರ ಅಳತೆ ಅದು. ಉದ್ದಿನ ವಡೆಗೂ ಬೋಂಡಕ್ಕೂ ಇದೇ ಪರೀಕ್ಷೆ ಸಲ್ಲುತ್ತದೆ.

ಮೈಸೂರಿನಲ್ಲಿ ನೀರು 100 ಡಿಗ್ರಿಗೆ ಮೊದಲೇ ಕುದಿಯುತ್ತದೆ! ಊರು ಸಮುದ್ರಮಟ್ಟದಿಂದ ಸುಮಾರು 770 ಮೀಟರ್ ಎತ್ತರದಲ್ಲಿದೆ. 300 ಮೀಟರ್ ಏರಿದಂತೆಲ್ಲ ಕುದಿಬಿಂದು ಸುಮಾರು ಒಂದು ಡಿಗ್ರಿ ಇಳಿಯುತ್ತದೆ. ಹಾಗಾಗಿ ಇಲ್ಲಿ ನೀರು ಕುದಿಯುವುದು 97.5 ಡಿಗ್ರಿ ಸೆಲ್ಸಿಯಸ್‌ನ ಸುಮಾರಿಗೆ, ಮಡಿಕೇರಿಯಲ್ಲಿ ಅದಕ್ಕೂ ಒಂದು ಡಿಗ್ರಿಗಿಂತ ಹೆಚ್ಚು ಕೆಳಗೆ. ಮಂಗಳೂರಿನ ಅತ್ತಿಗೆ ಹೇಳಿಕೊಟ್ಟ ಕಡುಬನ್ನು ಮೈಸೂರಿನಲ್ಲಿ ಮಾಡುವಾಗ ಒಂದೆರಡು ನಿಮಿಷ ಹೆಚ್ಚು ಇಟ್ಟರೆ ಒಳ್ಳೆಯದು.

ಹಾಗಿದ್ದರೂ ಹಬೆಯಲ್ಲಿ ಇಷ್ಟು ಬೇಗ ಬೇಯುವುದು ಹೇಗೆ? ಒಂದು ಗ್ರಾಂ ಹಬೆ ತಣ್ಣನೆಯ ಹಿಟ್ಟಿಗೆ ತಾಗಿ ನೀರಾಗುವಾಗ ಸುಮಾರು 540 ಕ್ಯಾಲೊರಿ ಶಾಖ ಬಿಟ್ಟುಕೊಡುತ್ತದೆ. ಕುದಿಯುವ ಒಂದು ಗ್ರಾಂ ನೀರು ಮಂಜಿನಷ್ಟು ತಣ್ಣಗಾದರೂ ಕೊಡುವುದು 100 ಕ್ಯಾಲೊರಿ ಮಾತ್ರ. ನೀರು ಚೆನ್ನಾಗಿ ಕುದಿ ಬಂದಮೇಲೆಯೇ ತಟ್ಟೆ ಇಡಬೇಕೆನ್ನುವುದು ಇದಕ್ಕೇ. ತಣ್ಣೀರಿನ ಮೇಲೆ ಇಟ್ಟ ಕಡುಬು ಹಬೆ ಬರುವ ಹೊತ್ತಿಗೆ ಮೇಲೆ ಒಣಗಿ ಬಿರುಕು ಬಿಟ್ಟಿರುತ್ತದೆ.

ಪಾತ್ರೆಯ ತಳಕ್ಕೆ ಒಂದು ನಾಣ್ಯ ಹಾಕಿಡುವುದು ಹಳಬರ ಉಪಾಯ. ನೀರು ಇರುವ ತನಕ ಅದು ಟಕಟಕ ಸದ್ದು ಮಾಡುತ್ತದೆ. ಸದ್ದು ನಿಂತರೆ ನೀರು ಮುಗಿಯಿತೆಂದು ಅರ್ಥ. ಅಲ್ಯೂಮಿನಿಯಂ ಪಾತ್ರೆ ಕಪ್ಪಾಗದಿರಲು ಹಿಂಡಿದ ನಿಂಬೆಹಣ್ಣಿನ ಸಿಪ್ಪೆಯನ್ನೋ ಹುಣಸೆಹಣ್ಣಿನ ಚೂರನ್ನೋ ಆ ನೀರಿಗೆ ಹಾಕಿ. ಮುಚ್ಚಳದಿಂದ ನೀರು ತೊಟ್ಟಿಕ್ಕಿ ಕಡುಬು ಪಚಪಚ ಆಗುವುದಿದ್ದರೆ ಮುಚ್ಚಳಕ್ಕೆ ತೆಳು ಬಟ್ಟೆ ಕಟ್ಟಿ.

ಕಾಯಿ ಕಡುಬು ಒಡೆಯುವುದೇಕೆ? ಹೊಸದಾಗಿ ಕಲಿಯುವವರು ಮೊದಲು ಸೋಲುವುದು ಇಲ್ಲಿ. ಗೋಧಿಹಿಟ್ಟನ್ನು ತಣ್ಣೀರಿನಲ್ಲಿ ಕಲಸಿದರೂ ಎಳೆದಷ್ಟು ಹಿಗ್ಗುತ್ತದೆ, ಏಕೆಂದರೆ ಅದರಲ್ಲಿ ಗ್ಲುಟೆನ್ ಇದೆ. ಅಕ್ಕಿಹಿಟ್ಟಿನಲ್ಲಿ ಅದಿಲ್ಲ. ಅಕ್ಕಿಯ ಹಿಟ್ಟಿಗೆ ಅಂಟು ಬರಬೇಕಾದರೆ ಅದರ ಪಿಷ್ಟ ನೀರು ಕುಡಿದು ಬೆಂದು ಉಬ್ಬಬೇಕು. ಅದಕ್ಕೇ ಮೈಸೂರಿನ ಮನೆಗಳಲ್ಲಿ ಹಿಟ್ಟನ್ನು ಮೊದಲು ಉಕ್ಕರಿಸುತ್ತಾರೆ. ಒಂದು ಲೋಟ ನುಣುಪಾದ ಅಕ್ಕಿಹಿಟ್ಟಿಗೆ ಸುಮಾರು ಒಂದೂಕಾಲು ಲೋಟ ನೀರು, ಚಿಟಿಕೆ ಉಪ್ಪು, ಒಂದು ಚಮಚ ಎಣ್ಣೆ. ನೀರು ಮರಳುವಾಗ ಉರಿ ಸಣ್ಣ ಮಾಡಿ, ಹಿಟ್ಟು ಸುರಿದು, ಕಲಕದೆ ಮುಚ್ಚಿ ಎರಡು ನಿಮಿಷ ಬಿಡಬೇಕು. ಆಮೇಲೆ ತಿರುವಿ, ಕೈ ತಡೆಯುವಷ್ಟು ಬಿಸಿ ಇರುವಾಗಲೇ ಎಣ್ಣೆಗೈಯಲ್ಲಿ ನಾದಬೇಕು. ಆರಿದ ಮೇಲೆ ನಾದಿದರೆ ಗಂಟು ಉಳಿಯುತ್ತದೆ, ಗಂಟಿರುವಲ್ಲೇ ಕಡುಬು ಸೀಳುತ್ತದೆ.

ಹೂರಣಕ್ಕೆ ಎರಡು ಲೋಟ ತುರಿದ ಕಾಯಿ, ಒಂದು ಲೋಟ ಬೆಲ್ಲ, ಏಲಕ್ಕಿ. ಬೆಲ್ಲ ಕರಗಿ, ನೀರು ಇಂಗಿ, ಒಟ್ಟುಗೂಡುವ ತನಕ ಮಗುಚಿದರೆ ಸಾಕು. ಮುಂದೆ ಹೋದರೆ ಹೂರಣ ತಣ್ಣಗಾದ ಮೇಲೆ ಕಲ್ಲಾಗುತ್ತದೆ. ನೀರು ಉಳಿದರೆ ಹಬೆಯಲ್ಲಿ ಬೆಲ್ಲ ಒಸರಿ ಹೊದಿಕೆಯನ್ನು ತೂತು ಮಾಡುತ್ತದೆ. ಹತ್ತು ಹನ್ನೆರಡು ನಿಮಿಷದ ಹಬೆ. ಬೆಂದ ಕಡುಬಿನ ಮೈ ಹೊಳೆಯುತ್ತದೆ, ಒದ್ದೆ ಬೆರಳಿಗೆ ಅಂಟುವುದಿಲ್ಲ. ತೆಗೆದ ತಕ್ಷಣ ತಟ್ಟೆಯಿಂದ ಎಬ್ಬಿಸಬೇಡಿ, ಎರಡು ನಿಮಿಷ ಆರಲಿ.

ಕಡುಬಿಗೆ ಹೊಸ ಅಕ್ಕಿಯೋ ಹಳೆಯ ಅಕ್ಕಿಯೋ? ಅಕ್ಕಿ ಹಳತಾದಂತೆ ಹೆಚ್ಚು ನೀರು ಕುಡಿಯುತ್ತದೆ, ಬೆಂದಾಗ ಉದುರುದುರಾಗುತ್ತದೆ. ಹೊಸ ಅಕ್ಕಿ ಅಂಟಂಟು. ಈ ಬದಲಾವಣೆಯನ್ನು ವರ್ಷಗಟ್ಟಲೆ ಅಭ್ಯಾಸ ಮಾಡಿದ ಕೆ.ಆರ್. ಭಟ್ಟಾಚಾರ್ಯ ಸಿಎಫ್‌ಟಿಆರ್‌ಐನವರು. ಅಕ್ಕಿಯ ಗುಣದ ಬಗ್ಗೆ ಅವರು ಬರೆದ ಪುಸ್ತಕ 2011ರಲ್ಲಿ ಹೊರಬಂತು. ನಮ್ಮ ಬಳಕೆಗೆ ಇಷ್ಟು ಸಾಕು: ಹಿಟ್ಟು ಹಳೆಯ ಅಕ್ಕಿಯದಾದರೆ ನೀರು ಒಂದು ಹಿಡಿ ಹೆಚ್ಚಿರಲಿ.

ಭೀಮನ ಅಮಾವಾಸ್ಯೆಯ ಕಡುಬಿನೊಳಗೆ ಹೂರಣವಿಲ್ಲ, ಕಾಸು ಇರುತ್ತದೆ. ಇದಕ್ಕೆ ಭಂಡಾರವೆಂದು ಹೆಸರು. ಪೂಜೆ ಮುಗಿದಮೇಲೆ ಮನೆಯ ಗಂಡುಮಕ್ಕಳು ಹೊಸ್ತಿಲ ಮೇಲೆ ಅದನ್ನಿಟ್ಟು ಮೊಣಕೈಯಿಂದ ಗುದ್ದಿ ಒಡೆಯುತ್ತಾರೆ. ಒಳಗಿನ ಕಾಸು ಒಡೆದವನಿಗೆ.

ಒತ್ತು ಶ್ಯಾವಿಗೆ ಗೊತ್ತಿಲ್ಲದವರು ಹಳೇ ಮೈಸೂರು ಸೀಮೆಯಲ್ಲಿ ಇರಲಾರರು. ಆದರೆ ಅದು ಎರಡು ಸಲ ಬೇಯುತ್ತದೆಂಬುದನ್ನು ಎಷ್ಟು ಜನ ಗಮನಿಸಿದ್ದಾರೆ? ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿ, ಬಾಣಲೆಯಲ್ಲಿ ಮಗುಚಿ ಮುದ್ದೆ ಮಾಡುವುದು ಮೊದಲ ಬೇವು. ಆ ಮುದ್ದೆಯನ್ನು ಉಂಡೆ ಕಟ್ಟಿ ಹಬೆಯಲ್ಲೋ ಕುದಿಯುವ ನೀರಿನಲ್ಲೋ ಬೇಯಿಸುವುದು ಎರಡನೆಯದು. ನೀರಿನಲ್ಲಿ ಹಾಕಿದ ಉಂಡೆ ಮೇಲೆ ತೇಲಿದರೆ ಬೆಂದಿತೆಂದು ಲೆಕ್ಕ. ಆಮೇಲೆ ಶ್ಯಾವಿಗೆ ಒರಳಿಗೆ ಹಾಕಿ ಬಿಸಿಬಿಸಿ ಇರುವಾಗಲೇ ಒತ್ತಬೇಕು. ಒಬ್ಬರು ಒತ್ತಬೇಕು, ಇನ್ನೊಬ್ಬರು ಒರಳು ಹಿಡಿಯಬೇಕು, ಮತ್ತೊಬ್ಬರು ಬಿಸಿ ಉಂಡೆ ತೆಗೆದುಕೊಡಬೇಕು. ಬೆಂದ ಪಿಷ್ಟ ತಣ್ಣಗಾಗುತ್ತ ಗಟ್ಟಿಯಾಗುವುದರಿಂದ ಉಂಡೆ ಆರಿತೆಂದರೆ ಒರಳಿನ ಹಿಡಿ ಅಲುಗಾಡದು. ಕೇರಳದ ಇಡಿಯಪ್ಪಂ ಮಾಡುವ ರೀತಿ ಬೇರೆ. ಅಲ್ಲಿ ಮೊದಲು ಒತ್ತಿ ಆಮೇಲೆ ಹಬೆಗೆ ಇಡುತ್ತಾರೆ. ನಮ್ಮ ಶ್ಯಾವಿಗೆಯ ಎಳೆ ಹೆಚ್ಚು ಮೆತ್ತಗಿದ್ದು, ಬೇಗ ತುಂಡಾಗದೆ ನಿಲ್ಲಲು ಈ ಎರಡು ಬೇವೇ ಕಾರಣವೆಂದು ನನ್ನ ಅನುಭವ.

ಶ್ಯಾವಿಗೆಗೆ ಏನು ನೆಂಚಿಕೊಳ್ಳಬೇಕೆಂಬುದರಲ್ಲಿ ಮನೆಗೊಂದು ಪದ್ಧತಿ. ಬೆಲ್ಲ, ಏಲಕ್ಕಿ, ಗಸಗಸೆ ಹಾಕಿದ ಕಾಯಿಹಾಲು ಎಲ್ಲರಿಗೂ ಗೊತ್ತಿದ್ದದ್ದು. ಕೆಲವರಿಗೆ ಎಳ್ಳುಪುಡಿ, ಕೆಲವರಿಗೆ ನಿಂಬೆಹಣ್ಣಿನ ಒಗ್ಗರಣೆ, ಮಾಂಸಾಹಾರಿ ಮನೆಗಳಲ್ಲಿ ಕೋಳಿಸಾರು. ರಾಗಿ ಶ್ಯಾವಿಗೆಯೂ ಇದೇ ಒರಳಿನಲ್ಲಿ ಆಗುತ್ತದೆ. ಈಗ ಕಾಂಡಿಮೆಂಟ್ಸ್ ಅಂಗಡಿಗಳಲ್ಲಿ ಒತ್ತಿದ ಶ್ಯಾವಿಗೆ ಪೊಟ್ಟಣದಲ್ಲಿ ಸಿಗುತ್ತದೆ. ಅದರ ಮೇಲೆ ನನಗೆ ಸಿಟ್ಟಿಲ್ಲ, ಮುಪ್ಪಾದವರಿಗೆ ಅದೇ ಆಸರೆ. ಆದರೆ ಮೂರು ಜನರ ಕೈ ಒಟ್ಟಿಗೆ ಕೂಡಿಸುತ್ತಿದ್ದ ಒರಳನ್ನು ಅಟ್ಟದಿಂದ ವರ್ಷಕ್ಕೊಮ್ಮೆಯಾದರೂ ಇಳಿಸಿ ಎಂದು ಕಳಕಳಿಯಿಂದ ಕೇಳುತ್ತೇನೆ.

ತೊಗರಿಬೇಳೆ, ಸಬ್ಬಸಿಗೆ ಸೊಪ್ಪು, ಕಾಯಿ, ಶುಂಠಿ, ಹಸಿಮೆಣಸಿನಕಾಯಿ: ನುಚ್ಚಿನುಂಡೆಗೆ ಬೇಕಾದದ್ದು ಇಷ್ಟೇ. ಎಣ್ಣೆ ಒಂದು ಹನಿಯೂ ಬೇಡ. ಬೇಳೆ ತರಿತರಿಯಾಗಿಯೇ ಇರಬೇಕು. ನುಣ್ಣಗಾದರೆ ಉಂಡೆ ಒಳಗೆ ಬಿಗಿಯುತ್ತದೆ. ಮಜ್ಜಿಗೆಹುಳಿಯ ಜೊತೆ ಇದಕ್ಕೆ ಸಮನಾದದ್ದಿಲ್ಲ.

ಅವರೆಕಾಯಿಯ ಕಾಲದಲ್ಲಿ ಅಕ್ಕಿತರಿ ಕಡುಬಿಗೆ ಅವರೆಕಾಳು ಸೇರುತ್ತದೆ. ಚಳಿ ಬಿದ್ದು ಕಾಯಿಗೆ ಸೊಗಡು ಏರಿದ ಮೇಲೆ ಮಾಡಿದರೆ ಮಾತ್ರ ಅದಕ್ಕೆ ಅರ್ಥ.

ಮೈಸೂರಿನಲ್ಲಿ ನೆಲೆಸಿದ ಕೊಡವ ಮನೆಗಳು ಅಕ್ಕಿತರಿಯೊಂದರಿಂದಲೇ ಹಲವು ಹಬೆತಿಂಡಿ ಮಾಡುತ್ತವೆ. ತರಿಯನ್ನು ಬೇಯಿಸಿ ಉಂಡೆ ಕಟ್ಟಿ ಹಬೆಗಿಟ್ಟರೆ ಕಡಂಬುಟ್ಟು. ತರಿಗೆ ಹಾಲು, ಕಾಯಿತುರಿ ಸೇರಿಸಿ ತಟ್ಟೆಯಲ್ಲಿ ಬೇಯಿಸಿದರೆ ಪಾಪುಟ್ಟು. ಎಳೆಎಳೆಯಾಗಿ ಒತ್ತಿದರೆ ನೂಪುಟ್ಟು. ಕೈಲ್‌ಪೊಳ್ದ್ ಹಬ್ಬದಲ್ಲಿ ಕಡಂಬುಟ್ಟು ಇಲ್ಲದ ಎಲೆಯೇ ಇಲ್ಲ.

ಕರಾವಳಿಯಿಂದ ಬಂದು ಇಲ್ಲಿ ಮನೆ ಮಾಡಿದವರು ಹಬೆಗೆ ಎಲೆಯ ಪರಿಮಳ ತಂದರು. ನಾಲ್ಕು ಹಲಸಿನ ಎಲೆಗಳನ್ನು ತೆಂಗಿನ ಹಿಡಿಕಡ್ಡಿಯಿಂದ ಚುಚ್ಚಿ ಕೊಟ್ಟೆ ಕಟ್ಟಿ ಇಡ್ಲಿ ಹಿಟ್ಟು ಹೊಯ್ದರೆ ಕೊಟ್ಟೆ ಕಡುಬು. ಕೇದಗೆ ಜಾತಿಯ ಎಲೆಯನ್ನು ಸುತ್ತಿ ಕೊಳವೆ ಮಾಡಿದರೆ ಮೂಡೆ. ಅರಿಸಿನದ ಎಲೆಗೆ ಅಕ್ಕಿಹಿಟ್ಟು ಹಚ್ಚಿ, ಕಾಯಿಬೆಲ್ಲ ಹರಡಿ, ಮಡಿಸಿ ಬೇಯಿಸುವ ಕಡುಬು ನಾಗರಪಂಚಮಿಯದು. ಎಲೆಯ ಎಣ್ಣೆ ಶಾಖಕ್ಕೆ ಆವಿಯಾಗಿ ಹಿಟ್ಟಿಗೆ ಇಳಿಯುತ್ತದೆ, ಹಾಗಾಗಿ ಎಲೆ ತಿನ್ನದಿದ್ದರೂ ಎಲೆಯ ರುಚಿ ಬರುತ್ತದೆ. ಮೆಕ್ಸಿಕೋದವರು ಮುಸುಕಿನ ಜೋಳದ ಹಿಟ್ಟನ್ನು ಅದೇ ಜೋಳದ ಸಿಪ್ಪೆಯಲ್ಲಿ ಸುತ್ತಿ ಹಬೆಯಲ್ಲಿ ಬೇಯಿಸುವ ತಮಾಲೆ ನಮ್ಮ ಕೊಟ್ಟೆಗೆ ದೂರದ ನೆಂಟ. ಮೈಸೂರಿನಲ್ಲಿ ಎಲೆ ಹುಡುಕುವುದು ಕಷ್ಟವೆನ್ನುವವರಿಗೆ: ಒಂದು ಕುಂಡದಲ್ಲಿ ಹಸಿ ಅರಿಸಿನದ ಗೆಡ್ಡೆ ಹೂತಿಡಿ. ಮುಂಗಾರಿಗೆ ಮೊದಲು ನೆಟ್ಟರೆ ಶ್ರಾವಣಕ್ಕೆ ಎಲೆ ಸಿದ್ಧ.

ಇನ್ನು ಎಣ್ಣೆಯ ಕಡೆಗೆ.

ಪೂರಿ ಉಬ್ಬುವುದು ಸೋಡದಿಂದಲ್ಲ, ನೀರಿನಿಂದ. ಒಂದು ಮಿಲಿಲೀಟರ್ ನೀರು ಹಬೆಯಾದರೆ ಸುಮಾರು 1,700 ಪಟ್ಟು ಹಿಗ್ಗುತ್ತದೆ. ಕಾದ ಎಣ್ಣೆಗೆ ಬಿದ್ದ ಕ್ಷಣ ಪೂರಿಯ ಮೇಲ್ಮೈ ಗಟ್ಟಿಯಾಗುತ್ತದೆ, ಒಳಗಿನ ನೀರು ಹಬೆಯಾಗಿ ಹೊರಬರಲು ದಾರಿ ಕಾಣದೆ ಎರಡು ಪದರಗಳನ್ನು ಬಿಡಿಸುತ್ತದೆ. ಸಟ್ಟುಗದಿಂದ ಮೆಲ್ಲಗೆ ಒತ್ತುವುದು, ಮೇಲೆ ಎಣ್ಣೆ ಹಾಯಿಸುವುದು ಮೇಲಿನ ಪದರವೂ ಅಷ್ಟೇ ಬೇಗ ಗಟ್ಟಿಯಾಗಲೆಂದು. ಹಿಟ್ಟು ಚಪಾತಿಗಿಂತ ಬಿಗಿಯಾಗಿರಲಿ. ಲಟ್ಟಿಸುವಾಗ ಒಣಹಿಟ್ಟು ಬಳಸಿದರೆ ಅದು ಎಣ್ಣೆಯ ತಳದಲ್ಲಿ ಸೀಯುತ್ತದೆ, ಬದಲಿಗೆ ಒಂದು ಹನಿ ಎಣ್ಣೆ ಹಚ್ಚಿ. ಎರಡು ಲೋಟ ಗೋಧಿಹಿಟ್ಟಿಗೆ ಎರಡು ಚಮಚ ಚಿರೋಟಿ ರವೆ ಸೇರಿಸಿದರೆ ಪೂರಿ ಬೇಗ ಕುಸಿಯದು.

ಎಣ್ಣೆ ಕಾದಿದೆಯೇ ಎಂದು ನೋಡಲು ಚೂರು ಹಿಟ್ಟು ಬಿಡುತ್ತೇವಲ್ಲ, ಅದು ತಳಕ್ಕೆ ಹೋಗಿ ಕೂಡಲೇ ಮೇಲೆದ್ದರೆ ಎಣ್ಣೆ 180 ಡಿಗ್ರಿಯ ಆಸುಪಾಸಿನಲ್ಲಿದೆ. ಎಣ್ಣೆ ಕಾಯದಿದ್ದರೆ ಪೂರಿ ಎಣ್ಣೆ ಕುಡಿಯುತ್ತದೆ, ಉಬ್ಬುವುದಿಲ್ಲ.

ಚಿರೋಟಿಯ ಪದರಗಳ ಗುಟ್ಟು ಸಾಟಿ. ಅಕ್ಕಿಹಿಟ್ಟನ್ನು ತುಪ್ಪದಲ್ಲಿ ನೊರೆಬರುವಂತೆ ತಿಕ್ಕಿದರೆ ಸಾಟಿ ಸಿದ್ಧ. ತೆಳುವಾಗಿ ಲಟ್ಟಿಸಿದ ಹಾಳೆಗಳ ನಡುವೆ ಅದನ್ನು ಸವರಿ, ಒಂದರ ಮೇಲೊಂದು ಇಟ್ಟು, ಸುರುಳಿ ಸುತ್ತಿ, ಕತ್ತರಿಸಿ, ಮತ್ತೆ ಹಗುರವಾಗಿ ಲಟ್ಟಿಸುತ್ತಾರೆ. ತುಪ್ಪ ಪದರಗಳು ಒಂದಕ್ಕೊಂದು ಅಂಟದಂತೆ ತಡೆಯುತ್ತದೆ, ಎಣ್ಣೆಯಲ್ಲಿ ಹಾಳೆಯ ನೀರು ಹಬೆಯಾಗಿ ಅವನ್ನು ಅರಳಿಸುತ್ತದೆ. ಉರಿ ಸಣ್ಣಗಿರಬೇಕು. ಮದುವೆಯ ಊಟದಲ್ಲಿ ಪುಡಿಸಕ್ಕರೆ, ಬಾದಾಮಿಹಾಲು ಸುರಿದ ಕೂಡಲೇ ತಿನ್ನಬೇಕು, ಮಾತಿಗೆ ಕೂತರೆ ಗರಿ ಹೋಯಿತು.

ದೀಪಾವಳಿಯ ಕಜ್ಜಾಯ ಇವೆಲ್ಲಕ್ಕಿಂತ ಕಷ್ಟದ್ದು, ಹಾಗಾಗಿ ಅದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ದಿನಕ್ಕೊಮ್ಮೆ ನೀರು ಬದಲಿಸುತ್ತ ಮೂರು ದಿನ ಅಕ್ಕಿ ನೆನೆಸುವುದು ಹಳೆಯ ಕ್ರಮ. ಈಗ ಒಂದು ರಾತ್ರಿಗೆ ಇಳಿಸಿದವರೂ ಇದ್ದಾರೆ. ಬಸಿದು ನೆರಳಿನಲ್ಲಿ ಬಟ್ಟೆಯ ಮೇಲೆ ಹರಡಿ, ಇನ್ನೂ ತೇವ ಇರುವಾಗಲೇ ಕುಟ್ಟಿ ಜರಡಿ ಹಿಡಿಯುತ್ತಾರೆ. ಮುಷ್ಟಿಯಲ್ಲಿ ಹಿಡಿದರೆ ಹಿಟ್ಟು ಉಂಡೆಯಾಗಬೇಕು, ಬೆರಳು ತಾಗಿಸಿದರೆ ಉದುರಬೇಕು. ಪೂರ್ತಿ ಒಣಗಿದ ಅಂಗಡಿಯ ಹಿಟ್ಟಿನಲ್ಲಿ ಕಜ್ಜಾಯ ಆಗದಿರುವುದಕ್ಕೆ ಈ ತೇವ ಇಲ್ಲದಿರುವುದೇ ಕಾರಣ. ಒಣಹಿಟ್ಟು ಪಾಕದ ನೀರನ್ನೆಲ್ಲ ಹೀರಿ ಕಲ್ಲಾಗುತ್ತದೆ.

ಒಂದು ಕಿಲೋ ಅಕ್ಕಿಗೆ ಮುಕ್ಕಾಲು ಕಿಲೋ ಬೆಲ್ಲ. ಪಾಕವನ್ನು ತಟ್ಟೆಯ ನೀರಿಗೆ ಒಂದು ಹನಿ ಬಿಟ್ಟು ಬೆರಳಿಂದ ಕೂಡಿಸಿದರೆ ಮೆತ್ತನೆಯ ಉಂಡೆ ಕಟ್ಟಬೇಕು. ಮಿಠಾಯಿ ಮಾಡುವವರ ಉಷ್ಣಮಾಪಕ ಇಟ್ಟು ನೋಡಿದರೆ ಆ ಹೊತ್ತಿಗೆ 112ರಿಂದ 116 ಡಿಗ್ರಿ ತೋರಿಸುತ್ತದೆ. ನಾಲ್ಕು ಡಿಗ್ರಿಯ ಆ ಕಿರಿದಾದ ದಾರಿಯನ್ನು ನಮ್ಮ ಅಜ್ಜಿಯರು ಎರಡು ಬೆರಳಲ್ಲಿ ಹಿಡಿಯುತ್ತಿದ್ದರು! ಪಾಕ ಎಳೆಯದಾದರೆ ಕಜ್ಜಾಯ ಎಣ್ಣೆಯಲ್ಲಿ ಚೂರುಚೂರಾಗುತ್ತದೆ, ಬಲಿತರೆ ಹಲ್ಲಿಗೆ ಬಗ್ಗದು. ಕೂಡಲೇ ಒಲೆ ಆರಿಸಿ, ಗಸಗಸೆ, ಎಳ್ಳು, ಏಲಕ್ಕಿ ಹಾಕಿ, ಹಿಟ್ಟನ್ನು ಹಿಡಿಹಿಡಿಯಾಗಿ ಸುರಿಯುತ್ತ ತಿರುವಬೇಕು. ಹಿಟ್ಟು ತುಸು ಸಡಿಲ ಇರುವಾಗಲೇ ನಿಲ್ಲಿಸಿ. ರಾತ್ರಿ ಕಳೆಯುವಷ್ಟರಲ್ಲಿ ಅದು ತಾನಾಗಿ ಬಿಗಿಯುತ್ತದೆ.

ಮರುದಿನವೋ ಅದರ ಮರುದಿನವೋ ಬಾಳೆಎಲೆಯ ಮೇಲೆ ಎಣ್ಣೆ ಸವರಿ ತಟ್ಟಿ, ಹದವಾದ ಉರಿಯಲ್ಲಿ ಒಂದೊಂದಾಗಿ ಬಿಡಬೇಕು. ಬೆಲ್ಲ ಬೇಗ ಕಪ್ಪಾಗುವುದರಿಂದ ಪೂರಿಯ ಉರಿ ಇದಕ್ಕೆ ಸಲ್ಲದು. ತೆಗೆದ ಕೂಡಲೇ ಎರಡು ಸಟ್ಟುಗಗಳ ನಡುವೆ ಒತ್ತಿ ಎಣ್ಣೆ ಹಿಂಡಬೇಕು. ಬಿಸಿ ಆರಿದ ಮೇಲೆ ಎಷ್ಟು ಒತ್ತಿದರೂ ಎಣ್ಣೆ ಬರುವುದಿಲ್ಲ. ಬೆಲ್ಲ ಕೊಳ್ಳುವಾಗ ಹೊಳೆಹೊಳೆಯುವ ಹಳದಿ ಅಚ್ಚಿನ ಮೋಹ ಬೇಡ. ಬಣ್ಣ ತಿಳಿಯಾಗಲೆಂದು ಆಲೆಮನೆಗಳಲ್ಲಿ ರಾಸಾಯನಿಕ ಹಾಕುವುದುಂಟು. ಮಂಡ್ಯ ಕಡೆಯ ಕಂದು ಬಣ್ಣದ ಬೆಲ್ಲ ಕಜ್ಜಾಯಕ್ಕೆ ಬಣ್ಣವನ್ನೂ ಕೊಡುತ್ತದೆ, ರುಚಿಯನ್ನೂ ಕೊಡುತ್ತದೆ.

ಸಿಹಿಕುಂಬಳಕಾಯಿ ತುರಿದು, ಬೆಲ್ಲದ ಜೊತೆ ಬಾಡಿಸಿ, ಅದು ಬಿಟ್ಟ ನೀರಿನಲ್ಲೇ ಗೋಧಿಹಿಟ್ಟು ಕಲಸಿ ಕರಿದರೆ ಉತ್ತರ ಕರ್ನಾಟಕದ ಗಾರಿಗೆ. ಮಾಗಿದ ಬಾಳೆಹಣ್ಣನ್ನು ಮೊಸರು, ಮೈದಾ ಜೊತೆ ಕಲಸಿ ರಾತ್ರಿಯಿಡೀ ಬಿಟ್ಟು ಕರಿದರೆ ಮಂಗಳೂರಿನ ಬನ್ಸ್. ಹಣ್ಣು ಕಪ್ಪಾಗುವಷ್ಟು ಮಾಗಿರಬೇಕು. ತಿಪ್ಪೆಗೆ ಹೋಗಬೇಕಾದ ಬಾಳೆಹಣ್ಣಿಗೆ ಇದಕ್ಕಿಂತ ಒಳ್ಳೆಯ ಗತಿ ನನಗೆ ತಿಳಿಯದು.

ಆಂಧ್ರ, ತೆಲಂಗಾಣದಲ್ಲಿ ‘ಮೈಸೂರು ಬೋಂಡ’ ಕೇಳಿದರೆ ಮೈದಾ, ಮೊಸರಿನದು ಕೊಡುತ್ತಾರೆ. ನಮ್ಮೂರಿನಲ್ಲಿ ಅದು ಉದ್ದಿನದು, ಕಾಯಿಚೂರು, ಮೆಣಸುಕಾಳು ಬಾಯಿಗೆ ಸಿಗಬೇಕು.

ಮದ್ದೂರು ವಡೆ ಹುಟ್ಟಿದ್ದು ರೈಲಿನ ಅವಸರದಲ್ಲಿ ಎನ್ನುತ್ತಾರೆ. ಮದ್ದೂರು ನಿಲ್ದಾಣದಲ್ಲಿ ತಿಂಡಿ ಮಾರುತ್ತಿದ್ದ ರಾಮಚಂದ್ರ ಬುಧ್ಯ ಅವರು 1917ರಲ್ಲಿ ಗಾಡಿ ಬೇಗ ಬಂದಾಗ ಪಕೋಡದ ಹಿಟ್ಟನ್ನೇ ತಟ್ಟಿ ಕರಿದರಂತೆ. ತೆಳುವಾದದ್ದು ಬೇಗ ಬೇಯುತ್ತದೆಂಬ ಲೆಕ್ಕ ಸರಿಯಾಗಿಯೇ ಇದೆ.

ಮೈಸೂರು ಜಿಲ್ಲೆಯ ಹಬೆಯ ಅಡುಗೆಗೆ ಇನ್ನೊಂದು ಮನೆ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆ. 1960ರ ದಶಕದ ಆರಂಭದಲ್ಲಿ ಅಲ್ಲಿ ನೆಲೆಸಿದ ಟಿಬೆಟಿಯನ್ನರು ಮೈದಾ ಹುದುಗಿಸಿ ಸುರುಳಿ ಸುತ್ತಿ ಹಬೆಯಲ್ಲಿ ಟಿಂಗ್‌ಮೋ ಬೇಯಿಸುತ್ತಾರೆ. ಹೊಸವರ್ಷ ಲೋಸಾರ್ ಬಂದಾಗ ಹಿಟ್ಟನ್ನು ಹೆಣೆದು ಕರಿದು ಖಾಪ್ಸೆ ಮಾಡುತ್ತಾರೆ. ಹಬ್ಬಕ್ಕೆ ಕರಿಯುವುದು, ದಿನದೂಟಕ್ಕೆ ಹಬೆ. ಅವರ ಲೆಕ್ಕವೂ ನಮ್ಮದರ ಹತ್ತಿರದ್ದೇ.

ಬಾಹ್ಯಾಕಾಶಕ್ಕೆ ಮೈಸೂರಿನ ಇಡ್ಲಿ? 1961ರಲ್ಲಿ ಸ್ಥಾಪನೆಯಾದ ನಗರದ ರಕ್ಷಣಾ ಆಹಾರ ಸಂಶೋಧನಾ ಪ್ರಯೋಗಾಲಯ 1984ರಲ್ಲಿ ರಾಕೇಶ್ ಶರ್ಮಾ ಅವರಿಗೆ ಸೂಜಿ ಹಲ್ವ, ಪಲಾವು ಸಿದ್ಧಪಡಿಸಿಕೊಟ್ಟಿತ್ತು. ಗಗನಯಾನಕ್ಕೆಂದು ಅದು ತಯಾರಿಸಿದ, 2020ರಲ್ಲಿ ಸುದ್ದಿಯಾದ ತಿಂಡಿಗಳ ಪಟ್ಟಿಯಲ್ಲಿ ಇಡ್ಲಿಯೂ ಇದೆ.

ಕರಿದ ಎಣ್ಣೆಯನ್ನು ಎಷ್ಟು ಸಲ ಬಳಸಬಹುದು? ಹೋಟೆಲುಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರ 2018ರ ಜುಲೈ 1ರಿಂದ ಮಿತಿ ಹಾಕಿದೆ. ಕಾದು ಕಾದು ಎಣ್ಣೆಯಲ್ಲಿ ಹುಟ್ಟುವ ಧ್ರುವೀಯ ಸಂಯುಕ್ತಗಳು ಶೇ. 25 ಮೀರಿದರೆ ಆ ಎಣ್ಣೆ ಬಳಸುವಂತಿಲ್ಲ. ಮನೆಯಲ್ಲಿ ಅಳೆಯುವ ಸಾಧನವಿಲ್ಲ. ಎಣ್ಣೆ ಕಪ್ಪಾಗಿ, ಜಿಡ್ಡು ದಪ್ಪವಾಗಿ, ಕಾಯಿಸಿದಾಗ ನೊರೆ ಏಳುತ್ತ ಬೇಗ ಹೊಗೆಯಾಡಿದರೆ ಚೆಲ್ಲಿಬಿಡಿ. ಚಿಕ್ಕ ಬಾಣಲೆ ಇಟ್ಟು ಕಡಿಮೆ ಎಣ್ಣೆಯಲ್ಲಿ ನಾಲ್ಕು ನಾಲ್ಕೇ ಕರಿದರೆ ಉಳಿಯುವ ಎಣ್ಣೆಯೂ ಕಡಿಮೆ.

ಉಳಿದ ಕಡುಬು ಫ್ರಿಜ್ಜಿನಲ್ಲಿ ಕಲ್ಲಾಗುವುದು ಕೆಟ್ಟದ್ದರಿಂದಲ್ಲ. ಬೆಂದ ಅಕ್ಕಿಯ ಪಿಷ್ಟ ತಣುವಿನಲ್ಲಿ ಮತ್ತೆ ಒತ್ತಾಗಿ ಕೂರುತ್ತದೆ, ಫ್ರಿಜ್ಜಿನ ತಣುವಿನಲ್ಲಂತೂ ಇನ್ನೂ ಬೇಗ. ಐದು ನಿಮಿಷ ಹಬೆ ಹಾಯಿಸಿದರೆ ಮೊದಲಿನ ಮೃದುತನ ಬಹುಪಾಲು ಮರಳುತ್ತದೆ, ಮೇಲೆ ಒಂದು ಚಮಚ ತುಪ್ಪ ಬೀಳಲಿ. ಕಾಯಿ ಹೂರಣದ್ದಾದರೆ ಮರುದಿನದೊಳಗೆ ಮುಗಿಸಿ. ಕಜ್ಜಾಯಕ್ಕೆ ಈ ಅವಸರ ಬೇಕಿಲ್ಲ. ಎಣ್ಣೆಯಲ್ಲಿ ಅದರ ನೀರು ಹೋಗಿರುತ್ತದೆ, ಉಳಿದ ತೇವವನ್ನು ಬೆಲ್ಲ ಬಿಗಿಹಿಡಿದಿರುತ್ತದೆ. ಪೂರ್ತಿ ಆರಿದ ಮೇಲೆ ಡಬ್ಬಿಗೆ ತುಂಬಿದರೆ ಹತ್ತು ಹದಿನೈದು ದಿನ ನಿಲ್ಲುತ್ತದೆ, ಎರಡನೆಯ ದಿನದ ಕಜ್ಜಾಯವೇ ಮೊದಲ ದಿನದ್ದಕ್ಕಿಂತ ರುಚಿ.